ಮನಸ್ಸಿಲ್ಲ ಎಂದು ತೀರ್ಮಾನಿಸುವ ಮುನ್ನ: ಪ್ರೇರಣೆ ಮತ್ತು ಬದ್ಧತೆ ಎಲ್ಲಿ ಕಡಿದಿದೆ ಎಂದು ಹುಡುಕುವ ಕ್ರಮ

ಹಿಡಿದ ಕೆಲಸ ಅರ್ಧಕ್ಕೆ ನಿಂತರೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ: ಒಂದು ಸೋಮಾರಿತನ, ಇನ್ನೊಂದು ಮನಸ್ಸಿಲ್ಲ. ಎರಡೂ ಕಾರಣವಲ್ಲ. ಜ್ವರ ಬಂದಿದೆ ಎಂದ ಮಾತ್ರಕ್ಕೆ ರೋಗ ಯಾವುದೆಂದು ತಿಳಿಯುವುದಿಲ್ಲವಲ್ಲ, ಇದೂ ಹಾಗೆಯೇ. ಕೆಲಸ ನಿಂತಿದೆ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ.

ಪ್ರೇರಣೆ ಎಂದರೆ ಒಂದು ಕೆಲಸದ ಕಡೆಗೆ ನಮ್ಮನ್ನು ಎಳೆಯುವ ಬಲ. ಅದು ದಿನದಿಂದ ದಿನಕ್ಕೆ, ಒಮ್ಮೊಮ್ಮೆ ಗಂಟೆಯಿಂದ ಗಂಟೆಗೆ ಏರಿಳಿಯುತ್ತದೆ. ಬದ್ಧತೆ ಎಂದರೆ ಆ ಎಳೆತ ಸಡಿಲವಾದ ದಿನವೂ ಕೆಲಸ ಕೈಬಿಡದಂತೆ ಹಿಡಿದಿಡುವ ಏರ್ಪಾಡು. ಇವೆರಡೂ ಬೇರೆ ಬೇರೆ ಕಾರಣಕ್ಕೆ ಮುರಿಯುತ್ತವೆ, ದುರಸ್ತಿಯೂ ಬೇರೆ ಬೇರೆ. ಕೌಶಲ ಸಾಲದವರಿಗೆ ಸ್ಫೂರ್ತಿಯ ಭಾಷಣ ಕೊಡುವುದು, ಅನ್ಯಾಯವಾಗಿದೆ ಎಂದು ನೊಂದವರಿಗೆ ಬೋನಸ್ ಕೊಡುವುದು, ದಣಿದು ಕುಸಿದವರಿಗೆ ಇನ್ನೂ ಬಿಗಿಯಾದ ಡೆಡ್‌ಲೈನ್ ಕೊಡುವುದು: ಕಚೇರಿಯಲ್ಲೂ ಮನೆಯಲ್ಲೂ ಹೆಚ್ಚಿನ ಹಾನಿ ಆಗುವುದು ಹೀಗೆ, ತಪ್ಪು ಜಾಗಕ್ಕೆ ಮದ್ದು ಹಾಕುವುದರಿಂದ. ಆದ್ದರಿಂದ ಈ ಲೇಖನದ ಅರ್ಧಭಾಗ ಹುಡುಕುವುದಕ್ಕೇ ಮೀಸಲು.

ಹಂತ 1: ಕಣ್ಣಿಗೆ ಕಾಣುವ ಒಂದೇ ಕೆಲಸಕ್ಕೆ ಇಳಿಸಿ

"ಓದಿನಲ್ಲಿ ಆಸಕ್ತಿ ಇಲ್ಲ", "ಕೆಲಸದಲ್ಲಿ ತೊಡಗಿಕೊಳ್ಳುತ್ತಿಲ್ಲ" ಎಂಬಂಥ ಮಾತನ್ನು ಸರಿಪಡಿಸಲು ಬರುವುದಿಲ್ಲ. "ವಾರದಲ್ಲಿ ನಾಲ್ಕು ಸಂಜೆ 40 ನಿಮಿಷ ಕೂರಬೇಕಿತ್ತು, ಒಂದೇ ಸಂಜೆ ಕೂತದ್ದು" ಎಂದು ಬರೆದರೆ ಕೈಗೆ ಸಿಗುತ್ತದೆ. ಯಾರು, ಯಾವಾಗ, ಎಷ್ಟು ಹೊತ್ತು, ಏನು ಮಾಡಬೇಕಿತ್ತು ಎಂಬುದು ಒಂದೇ ವಾಕ್ಯದಲ್ಲಿ ಇರಲಿ.

ನಂತರ ಒಂದು ವಾರ ಮೂರು ಕಾಲಮ್‌ಗಳ ಪಟ್ಟಿ ಇಡಿ. ಮೊದಲನೆಯದರಲ್ಲಿ ಕೆಲಸ ಶುರುವಾಗಬೇಕಿದ್ದ ಸಮಯ, ಎರಡನೆಯದರಲ್ಲಿ ಅದರ ಬದಲು ನಡೆದದ್ದು, ಮೂರನೆಯದರಲ್ಲಿ ಆ ಕ್ಷಣಕ್ಕೆ ತಲೆಗೆ ಬಂದ ಮಾತು. ಮೂರನೆಯ ಕಾಲಮ್ಮೇ ಎಲ್ಲಕ್ಕಿಂತ ಬೆಲೆಬಾಳುವಂಥದ್ದು, ಜನ ಬಿಟ್ಟುಬಿಡುವುದೂ ಅದನ್ನೇ. "ಎಲ್ಲಿಂದ ಶುರು ಮಾಡಲಿ ಗೊತ್ತಾಗಲಿಲ್ಲ", "ಮಾಡಿದರೂ ಯಾರು ನೋಡ್ತಾರೆ", "ತಲೆ ಓಡ್ತಾನೇ ಇಲ್ಲ": ಮೂರೂ ಕೆಲಸ ಮಾಡದಿರುವುದಕ್ಕೆ ಬಂದ ಮಾತುಗಳೇ, ಆದರೆ ಮೂರಕ್ಕೂ ಕಾರಣ ಬೇರೆ. ಆ ಹೊತ್ತಿಗೇ ಬರೆಯಬೇಕು. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ನಿಜವಾದ ಕಾರಣದ ಜಾಗದಲ್ಲಿ ಗೌರವಯುತವಾದ ಕಾರಣ ಬಂದು ಕೂರುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಒಂದು ಕೆಲಸದಲ್ಲಿ ಮಾತ್ರವಲ್ಲ, ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದೆ, ನಿದ್ದೆ ಮತ್ತು ಹಸಿವು ಏರುಪೇರಾಗಿ, ಈ ಸ್ಥಿತಿ ಎರಡು ವಾರ ಅಥವಾ ಹೆಚ್ಚು ಮುಂದುವರಿದಿದ್ದರೆ ಅದು ಖಿನ್ನತೆ ಇರಬಹುದು. ಆಗ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಬೇಕು. ಗುರಿ, ವೇಳಾಪಟ್ಟಿ, ಶಿಸ್ತು ಎಂದು ಈ ಸ್ಥಿತಿಯಲ್ಲಿರುವವರನ್ನು ಒತ್ತಾಯಿಸುವುದು ತಪ್ಪು ಮಾತ್ರವಲ್ಲ, ಕ್ರೂರವೂ ಹೌದು.

ಹಂತ 2: ಮೂರು ಕೊಂಡಿಗಳಲ್ಲಿ ಯಾವುದು ಕಡಿದಿದೆ?

1964ರಲ್ಲಿ ವಿಕ್ಟರ್ ವ್ರೂಮ್ ಎಂಬ ಮನಶ್ಶಾಸ್ತ್ರಜ್ಞ ಕೆಲಸದ ಪ್ರೇರಣೆಯನ್ನು ಮೂರು ನಂಬಿಕೆಗಳಾಗಿ ಬಿಡಿಸಿಟ್ಟರು. ಪ್ರಶ್ನೆಯ ರೂಪದಲ್ಲಿ ಹೇಳುವುದಾದರೆ: ಪ್ರಯತ್ನಪಟ್ಟರೆ ನನ್ನಿಂದ ಆಗುತ್ತದೆಯೇ? ಮಾಡಿದರೆ ಅದರಿಂದ ಏನಾದರೂ ಸಿಗುತ್ತದೆಯೇ? ಸಿಗುವುದು ನನಗೆ ಬೇಕಾದದ್ದೇ? ಅವರ ಲೆಕ್ಕದಲ್ಲಿ ಈ ಮೂರನ್ನೂ ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಉಳಿದೆರಡು ಎಷ್ಟೇ ದೊಡ್ಡದಿದ್ದರೂ ಉತ್ತರ ಸೊನ್ನೆ. ಬಹುಮಾನವನ್ನು ಎರಡು ಪಟ್ಟು ಮಾಡಿದರೂ ಕೆಲಸ ಅಲುಗಾಡದೆ ಇರುವುದು ಏಕೆ ಎಂಬುದಕ್ಕೆ ಇಷ್ಟು ಸರಳ ವಿವರಣೆ ಇನ್ನೊಂದಿಲ್ಲ.

ಮೊದಲ ಕೊಂಡಿ ಕಡಿದಿದ್ದರೆ ಜನ "ನನ್ನಿಂದ ಆಗಲ್ಲ" ಎಂದು ನೇರವಾಗಿ ಹೇಳುವುದು ಅಪರೂಪ. ಮುಂದೂಡುತ್ತಾರೆ, ಪಕ್ಕದ ಸುಲಭದ ಕೆಲಸಗಳನ್ನು ಅಚ್ಚುಕಟ್ಟಾಗಿ ಮುಗಿಸುತ್ತಾರೆ, ಮುಖ್ಯ ಕೆಲಸದ ಬಗ್ಗೆ ಕೇಳಿದರೆ ಮಾತು ತಿರುಗಿಸುತ್ತಾರೆ. ಇವರಿಗೆ ಬೇಕಾದದ್ದು ಹುರಿದುಂಬಿಸುವ ಮಾತಲ್ಲ, ಚಿಕ್ಕದಾದ ಮೊದಲ ತುಂಡು. 15 ನಿಮಿಷದಲ್ಲಿ ಮುಗಿಯುವ, ಮುಗಿಯಿತೋ ಇಲ್ಲವೋ ಎಂದು ನೋಡಿದ ಕೂಡಲೇ ಗೊತ್ತಾಗುವ ತುಂಡು ಇರಲಿ. "ವರದಿ ಬರೆಯಿರಿ" ಎಂಬುದರ ಬದಲು "ವರದಿಯ ಐದು ಉಪಶೀರ್ಷಿಕೆ ಮಾತ್ರ ಬರೆದು ತನ್ನಿ" ಎನ್ನಿ. ಒಮ್ಮೆ ಪಕ್ಕದಲ್ಲಿ ಕೂತು ಮಾಡಿ ತೋರಿಸಿ, ಎರಡನೇ ಸಲ ಅವರು ಮಾಡುವಾಗ ನೋಡಿ, ಮೂರನೇ ಸಲ ದೂರ ಸರಿಯಿರಿ.

ಎರಡನೆಯ ಕೊಂಡಿ ಕಡಿಯುವುದು ಹೆಚ್ಚಾಗಿ ಹಿರಿಯರ, ಮೇಲಧಿಕಾರಿಗಳ ಕೈಯಿಂದ. ಚೆನ್ನಾಗಿ ಮಾಡಿದವರಿಗೂ ಕಾಟಾಚಾರಕ್ಕೆ ಮಾಡಿದವರಿಗೂ ಒಂದೇ ಫಲ ಸಿಕ್ಕಾಗ, ಬೇಗ ಮುಗಿಸಿದವರ ಮೇಜಿಗೆ ಬೇರೆಯವರ ಕೆಲಸವೂ ಬಂದು ಬಿದ್ದಾಗ, ಕೊಟ್ಟ ಮಾತು ಎರಡು ಸಲ ತಪ್ಪಿದಾಗ "ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ" ಎಂಬ ಭಾವ ಬೇರೂರುತ್ತದೆ. ಇದನ್ನು ಮಾತಿನಿಂದ ಸರಿಮಾಡಲಾಗದು. ಬಾಕಿ ಇರುವ ಒಂದು ಮಾತನ್ನು ಮೊದಲು ನಡೆಸಿಕೊಡಬೇಕು, ಆಮೇಲೆ ಹೊಸ ಮಾತು.

ಮೂರನೆಯದರಲ್ಲಿ ಎಡವುವುದು ಬಹಳ ಸುಲಭ, ಏಕೆಂದರೆ ನಮಗೆ ಬೇಕಾದದ್ದೇ ಎದುರಿನವರಿಗೂ ಬೇಕು ಎಂದು ನಾವು ಊಹಿಸುತ್ತೇವೆ. ಬಡ್ತಿ ಎಂದರೆ ಒಬ್ಬರಿಗೆ ಗೌರವ, ಇನ್ನೊಬ್ಬರಿಗೆ ಮನೆಯವರೊಡನೆ ಕಳೆಯುವ ಸಂಜೆ ಕಳೆದುಕೊಳ್ಳುವುದು. ಕೇಳಿ ತಿಳಿಯುವುದೊಂದೇ ದಾರಿ.

ಈ ಮೂರಕ್ಕೂ 0ರಿಂದ 10ರವರೆಗೆ ಅಂಕ ಕೊಡಿ. ಅತಿ ಕಡಿಮೆ ಅಂಕ ಬಂದದ್ದನ್ನು ಮಾತ್ರ ಈಗ ಮುಟ್ಟಿ. ಮೂರನ್ನೂ ಒಟ್ಟಿಗೆ ಸರಿಮಾಡಲು ಹೊರಟರೆ ಯಾವುದು ಕೆಲಸ ಮಾಡಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಹಂತ 3: ಎಷ್ಟು ಪ್ರೇರಣೆ ಎಂಬುದಕ್ಕಿಂತ ಎಂಥ ಪ್ರೇರಣೆ

ಮೂರೂ ಕೊಂಡಿ ಗಟ್ಟಿಯಾಗಿದ್ದೂ ಕೆಲಸ ಕೆಲವೇ ತಿಂಗಳಲ್ಲಿ ಕಳೆಗುಂದುವುದುಂಟು. ಅದಕ್ಕೆ ಕಾರಣ ಹುಡುಕಬೇಕಾದದ್ದು ಪ್ರೇರಣೆಯ ಗುಣದಲ್ಲಿ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಸ್ವನಿರ್ಧಾರ ಸಿದ್ಧಾಂತ ಇದನ್ನು ಮೆಟ್ಟಿಲುಗಳಾಗಿ ತೋರಿಸುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಶಿಕ್ಷೆ-ಬಹುಮಾನಕ್ಕಾಗಿ ಮಾಡುವುದು. ಅದರ ಮೇಲೆ ಮಾಡದಿದ್ದರೆ ನಾಚಿಕೆ, ಅಪರಾಧಿ ಭಾವ ಕಾಡುತ್ತದೆಂದು ಮಾಡುವುದು. ಇನ್ನೂ ಮೇಲೆ ಇದು ನನಗೆ ಮುಖ್ಯ ಎಂದು ಒಪ್ಪಿ ಮಾಡುವುದು. ತುದಿಯಲ್ಲಿ ಮಾಡುವುದೇ ಖುಷಿ ಎಂದು ಮಾಡುವುದು.

ಎಲ್ಲ ಕೆಲಸವನ್ನೂ ತುದಿಗೆ ಏರಿಸಲು ಹೋಗಬೇಡಿ. ತೆರಿಗೆ ಲೆಕ್ಕ ತುಂಬುವುದು, ಹಾಸಿಗೆ ಹಿಡಿದವರ ಬಟ್ಟೆ ಬದಲಿಸುವುದು ಖುಷಿಯ ಕೆಲಸ ಆಗಲೇಬೇಕೆಂದಿಲ್ಲ. ಮೂರನೆಯ ಮೆಟ್ಟಿಲಿಗೆ ಬಂದರೆ ಸಾಕು, ಅದು ವರ್ಷಗಟ್ಟಲೆ ತಾಳುತ್ತದೆ. ನಿಜವಾದ ಅಪಾಯ ಎರಡನೆಯದರಲ್ಲಿದೆ. ಅಪರಾಧಿ ಭಾವದಿಂದ ದುಡಿಯುವವರು ಹೊರಗಿನಿಂದ ಅತ್ಯಂತ ಬದ್ಧರಂತೆ ಕಾಣುತ್ತಾರೆ, ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ, ರಜೆ ಕೇಳುವುದಿಲ್ಲ. ಅವರೇ ಒಂದು ದಿನ ಮುನ್ಸೂಚನೆ ಇಲ್ಲದೆ ಎಲ್ಲವನ್ನೂ ಬಿಟ್ಟು ಹೋಗುತ್ತಾರೆ. ಅವರ ಮಾತಿನಲ್ಲಿ "ಮಾಡಲೇಬೇಕಲ್ಲ", "ಇಲ್ಲದಿದ್ದರೆ ಏನಂದುಕೊಳ್ತಾರೆ" ಎಂಬುದು ಪದೇಪದೇ ಬರುತ್ತಿದ್ದರೆ ಗಮನಿಸಿ.

ಮೆಟ್ಟಿಲು ಏರಲು ಮೂರು ಅಗತ್ಯಗಳು ಪೂರೈಸಬೇಕು ಎನ್ನುತ್ತದೆ ಈ ಸಿದ್ಧಾಂತ: ನನ್ನ ಆಯ್ಕೆಗೆ ಜಾಗವಿದೆ, ನನಗೆ ಇದು ಬರುತ್ತದೆ, ಇಲ್ಲಿ ನನ್ನವರಿದ್ದಾರೆ ಎಂಬ ಮೂರು ಅನುಭವಗಳು. ಬೇಸರದ ಕೆಲಸವನ್ನು ಒಪ್ಪಿಸುವಾಗ ಇದಕ್ಕೆ ಒಂದು ಕ್ರಮವಿದೆ. ಮೊದಲು ಕಾರಣ ಹೇಳಿ, ನಿಜವಾದ ಕಾರಣ. ಎರಡನೆಯದಾಗಿ ಬೇಸರವನ್ನು ಒಪ್ಪಿಕೊಳ್ಳಿ: "ಇದು ಬೇಜಾರಿನ ಕೆಲಸ ಅಂತ ನನಗೂ ಗೊತ್ತು." ಮೂರನೆಯದಾಗಿ ಹೇಗೆ, ಯಾವಾಗ, ಯಾರ ಜೊತೆ ಎಂಬುದರಲ್ಲಿ ಒಂದನ್ನಾದರೂ ಅವರ ಆಯ್ಕೆಗೆ ಬಿಡಿ. ಮಗುವಿಗಾದರೆ "ಲೆಕ್ಕ ಮೊದಲು ಮಾಡ್ತೀಯೋ, ಬರವಣಿಗೆ ಮೊದಲೋ? ನೀನೇ ಹೇಳು" ಎಂದರೂ ಸಾಕು. ಆದರೆ ಉತ್ತರ ಯಾವುದು ಬಂದರೂ ನೀವು ಒಪ್ಪುವಂತಿರಬೇಕು. ಆಯ್ಕೆ ಕೊಟ್ಟಂತೆ ಮಾಡಿ ಕಿತ್ತುಕೊಂಡರೆ, ಕೊಡದೇ ಇದ್ದುದಕ್ಕಿಂತ ಕೆಡುತ್ತದೆ.

ಹಣ, ಬಹುಮಾನ, ದಂಡ: ಎಲ್ಲಿ ಕೆಲಸ ಮಾಡುತ್ತವೆ, ಎಲ್ಲಿ ಕೆಡಿಸುತ್ತವೆ

ಮಾರ್ಕ್ ಲೆಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚಿತ್ರ ಬಿಡಿಸುವುದನ್ನು ಈಗಾಗಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ "ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿ ಕೊಟ್ಟರು, ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು, ಮೂರನೆಯದಕ್ಕೆ ಏನೂ ಕೊಡಲಿಲ್ಲ. ಮುಂದೆ ಬಿಡುವಿನ ಹೊತ್ತಿನಲ್ಲಿ ನೋಡಿದಾಗ, ಪ್ರಶಸ್ತಿಗಾಗಿ ಬಿಡಿಸಿದ್ದ ಮಕ್ಕಳು ಚಿತ್ರದ ಮುಂದೆ ಕಳೆದ ಸಮಯ ಉಳಿದವರದರ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಕೊಟ್ಟ ಬಹುಮಾನ ಹಾನಿ ಮಾಡಿರಲಿಲ್ಲ. 1999ರಲ್ಲಿ ಡೆಸಿ, ಕೋಸ್ಟ್ನರ್ ಮತ್ತು ರಯಾನ್ 128 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ದಿಕ್ಕು ಕಂಡಿತು: ಮೊದಲೇ ಷರತ್ತು ಹಾಕಿ ಕೊಡುವ ವಸ್ತುರೂಪದ ಬಹುಮಾನ ಒಳಗಿನ ಆಸಕ್ತಿಯನ್ನು ತಗ್ಗಿಸುತ್ತದೆ, ಮಾಡಿದ ಕೆಲಸದ ಬಗ್ಗೆ ಒಳ್ಳೆಯ ಮಾತು ಅದನ್ನು ಹೆಚ್ಚಿಸುತ್ತದೆ.

ಇದನ್ನು ಓದಿ ಸಂಬಳವೇ ಮುಖ್ಯವಲ್ಲ ಎಂದು ತಿಳಿಯುವ ಮಾಲೀಕರಿದ್ದಾರೆ. ಅದು ಶುದ್ಧ ತಪ್ಪು. ಸಾಕಾಗದ ಸಂಬಳ, ತಾರತಮ್ಯದ ಸಂಬಳ ಪ್ರೇರಣೆಯನ್ನು ಕೊಲ್ಲುತ್ತದೆ. ಇಷ್ಟವಿಲ್ಲದ, ಸರಳವಾದ, ಎಣಿಸಲು ಬರುವ ಕೆಲಸದಲ್ಲಿ ಬಹುಮಾನ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅಲ್ಲಿ ಕೆಡಲು ಒಳಗಿನ ಆಸಕ್ತಿಯೇ ಇಲ್ಲ. ಎಚ್ಚರ ಬೇಕಾದದ್ದು ಜನ ಈಗಾಗಲೇ ಇಷ್ಟದಿಂದ ಮಾಡುತ್ತಿರುವುದಕ್ಕೆ ಬೆಲೆಪಟ್ಟಿ ಅಂಟಿಸುವಾಗ.

ದಂಡದ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಇಸ್ರೇಲಿನ ಹೈಫಾದ ಕೆಲವು ಶಿಶುಪಾಲನಾ ಕೇಂದ್ರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಸಣ್ಣ ದಂಡ ವಿಧಿಸಿದಾಗ ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದಂಡ ತೆಗೆದ ಮೇಲೂ ಸಂಖ್ಯೆ ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ. ಯೂರಿ ನೀಝಿ ಮತ್ತು ಆಲ್ಡೊ ರುಸ್ತಿಕಿನಿ 2000ದಲ್ಲಿ ಪ್ರಕಟಿಸಿದ ಈ ಅಧ್ಯಯನದ ಅರ್ಥ ಇಷ್ಟು: ದಂಡ ಬರುವ ಮುಂಚೆ ಶಿಕ್ಷಕಿಗೆ ತೊಂದರೆ ಕೊಡಬಾರದೆಂಬ ದಾಕ್ಷಿಣ್ಯವಿತ್ತು, ದಂಡ ಅದನ್ನು ಒಂದು ಸೇವೆಯ ದರವಾಗಿ ಮಾಡಿತು. ಮನೆಯಲ್ಲಾಗಲಿ ಸಂಘದಲ್ಲಾಗಲಿ ಪರಸ್ಪರ ಕಾಳಜಿಯಿಂದ ನಡೆಯುತ್ತಿರುವ ಏರ್ಪಾಡಿಗೆ ದಂಡ ತರುವ ಮುನ್ನ ಹತ್ತು ಸಲ ಯೋಚಿಸಿ, ಹೋದ ದಾಕ್ಷಿಣ್ಯ ಸುಲಭಕ್ಕೆ ಮರಳುವುದಿಲ್ಲ.

ಹಂತ 4: ಬದ್ಧತೆಯ ಎಳೆಗಳನ್ನು ಬೇರ್ಪಡಿಸಿ

ಜಾನ್ ಮೇಯರ್ ಮತ್ತು ನಟಾಲಿ ಆ್ಯಲನ್ 1991ರಲ್ಲಿ ಸಂಸ್ಥೆಯೊಂದಿಗಿನ ಬದ್ಧತೆಯನ್ನು ಮೂರು ಎಳೆಯಾಗಿ ವಿಂಗಡಿಸಿದರು. ಇರಬೇಕೆಂಬ ಆಸೆಯಿಂದ ಇರುವುದು, ಬಿಟ್ಟರೆ ಆಗುವ ನಷ್ಟಕ್ಕೆ ಹೆದರಿ ಇರುವುದು, ಇರುವುದೇ ಸರಿ ಎಂಬ ಋಣಭಾವದಿಂದ ಇರುವುದು. ಹಾಜರಿ ಪುಸ್ತಕದಲ್ಲಿ ಮೂವರೂ ಒಂದೇ ತರಹ ಕಾಣುತ್ತಾರೆ. ವ್ಯತ್ಯಾಸ ತಿಳಿಯುವುದು ಯಾರೂ ಹೇಳದ ಕೆಲಸ ಎದುರಾದಾಗ: ಆಸೆಯಿಂದ ಇರುವವರು ತಾವಾಗಿ ಕೈಹಾಕುತ್ತಾರೆ, ನಷ್ಟಕ್ಕೆ ಹೆದರಿ ಇರುವವರು ತಮ್ಮ ಪಾಲಿನದಷ್ಟನ್ನೇ ಮುಗಿಸಿ ಏಳುತ್ತಾರೆ.

ನಿಮ್ಮದೇ ಬದ್ಧತೆಯನ್ನು ಪರೀಕ್ಷಿಸಲು ಮೂರು ವಾಕ್ಯ ಪೂರ್ಣಗೊಳಿಸಿ. "ನಾನು ಇಲ್ಲಿರಲು ಇಷ್ಟಪಡುವುದು ಏಕೆಂದರೆ..." "ಬಿಟ್ಟರೆ ನಾನು ಕಳೆದುಕೊಳ್ಳುವುದು..." "ಬಿಡುವುದು ತಪ್ಪು ಅನ್ನಿಸುವುದು ಏಕೆಂದರೆ..." ಪ್ರತಿಯೊಂದಕ್ಕೂ ಐದು ನಿಮಿಷ ಸಾಕು. ಮೊದಲ ವಾಕ್ಯ ಖಾಲಿ ಉಳಿದು ಎರಡನೆಯದು ಪುಟ ತುಂಬಿದರೆ, ಅದು ತುರ್ತಾಗಿ ಕೆಲಸ ಬಿಡಿ ಎಂಬ ಸೂಚನೆಯಲ್ಲ. ಮೊದಲ ವಾಕ್ಯಕ್ಕೆ ಒಂದು ಸಾಲನ್ನಾದರೂ ಸೇರಿಸುವಂಥ ಬದಲಾವಣೆ ಯಾವುದು ಎಂದು ಹುಡುಕಬೇಕಾದ ಸಮಯ.

ಆಪ್ತ ಸಂಬಂಧಗಳಿಗೆ ಕ್ಯಾರಿಲ್ ರಸ್ಬಲ್ಟ್ 1980ರ ದಶಕದಲ್ಲಿ ಬೆಳೆಸಿದ ಲೆಕ್ಕ ಹೆಚ್ಚು ಹೊಂದುತ್ತದೆ. ಸಂಬಂಧದಲ್ಲಿನ ತೃಪ್ತಿ, ಅದರಲ್ಲಿ ಈವರೆಗೆ ಹೂಡಿದ ಸಮಯ-ಶ್ರಮ-ನೆನಪುಗಳು, ಮತ್ತು ಹೊರಗಿರುವ ಬೇರೆ ದಾರಿಗಳು ಎಷ್ಟು ಚೆನ್ನಾಗಿ ಕಾಣುತ್ತವೆ ಎಂಬುದು. ಮೊದಲೆರಡು ಹೆಚ್ಚಿದಷ್ಟೂ, ಮೂರನೆಯದು ಕಡಿಮೆಯಾದಷ್ಟೂ ಬದ್ಧತೆ ಗಟ್ಟಿ. ಹಾಗಾಗಿ ಗಟ್ಟಿ ಬದ್ಧತೆ ಎಂದರೆ ಸುಖವಾಗಿದ್ದಾರೆ ಎಂದಲ್ಲ. ತೃಪ್ತಿ ಇಲ್ಲದೆಯೂ, ಬೇರೆ ದಾರಿ ಕಾಣದೆ ನೋವಿನಲ್ಲೇ ಉಳಿದವರು ಬಹಳ ಜನ. ಹಿಂಸೆ ಅನುಭವಿಸುತ್ತಿರುವವರನ್ನು "ಇಷ್ಟು ಕಷ್ಟವಾದರೆ ಏಕೆ ಇದ್ದೀರಿ" ಎಂದು ಕೇಳುವುದು ಆ ಕಾರಣಕ್ಕೇ ಅನ್ಯಾಯದ ಪ್ರಶ್ನೆ. ಅವರಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಇನ್ನೊಂದು ದಾರಿ.

ತೃಪ್ತಿ ಬೆಳೆಸಲು ದೊಡ್ಡ ತ್ಯಾಗಕ್ಕಿಂತ ಸಣ್ಣ ಅಭ್ಯಾಸವೊಂದು ಹೆಚ್ಚು ನೆರವಾಗುತ್ತದೆ. ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ, ಸಂಗಾತಿ ತಂದ ಒಳ್ಳೆಯ ಸುದ್ದಿಗೆ ಉತ್ಸಾಹದಿಂದ ಸ್ಪಂದಿಸುವುದು ಸಂಬಂಧದ ಗುಣಮಟ್ಟದೊಂದಿಗೆ ಬೆಸೆದುಕೊಂಡಿತ್ತು. ಫೋನ್ ನೋಡುತ್ತ "ಹೌದಾ, ಒಳ್ಳೇದಾಯ್ತು" ಎನ್ನುವುದು ಒಳ್ಳೆಯ ಉತ್ತರದಂತೆ ಕೇಳಿದರೂ ಲೆಕ್ಕಕ್ಕೆ ಬರುವುದಿಲ್ಲ. ಕೈಲಿರುವುದನ್ನು ಕೆಳಗಿಟ್ಟು "ಹೇಗಾಯ್ತು ಹೇಳು, ಅವರು ಏನಂದ್ರು?" ಎಂದು ಎರಡು ಪ್ರಶ್ನೆ ಕೇಳಿ.

ಹಂತ 5: ನಿರ್ಧಾರವನ್ನು ಸಮಯಕ್ಕೂ ಜಾಗಕ್ಕೂ ಕಟ್ಟಿ

2002ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನವನ್ನು ಪ್ರೇರಣೆಯ ಬಗ್ಗೆ ಮಾತಾಡುವವರೆಲ್ಲ ನೆನಪಿಡಬೇಕು. ವಿದ್ಯಾರ್ಥಿಗಳ ಒಂದು ಗುಂಪಿಗೆ ವ್ಯಾಯಾಮದ ಬಗ್ಗೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ ಹೃದ್ರೋಗದ ಅಪಾಯ, ವ್ಯಾಯಾಮದ ಲಾಭ ವಿವರಿಸಿದರು. ಮೂರನೆಯದಕ್ಕೆ ಅದನ್ನು ವಿವರಿಸಿ, ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡುತ್ತೀರಿ ಎಂದು ಬರೆಸಿಕೊಂಡರು. ವ್ಯಾಯಾಮ ಮಾಡಿದವರು ಮೊದಲ ಗುಂಪಿನಲ್ಲಿ 38%, ಎರಡನೆಯದರಲ್ಲಿ 35%, ಮೂರನೆಯದರಲ್ಲಿ 91%. ತಿಳಿವಳಿಕೆಯಿಂದ ಆಸೆ ಹುಟ್ಟಿತು, ಆದರೆ ಅದು ಕಾಲನ್ನು ಎತ್ತಲಿಲ್ಲ. ಪೀಟರ್ ಗೋಲ್‌ವಿಟ್ಜರ್ ರೂಪಿಸಿದ ಈ "ಹೀಗಾದಾಗ ಹೀಗೆ ಮಾಡುತ್ತೇನೆ" ಕ್ರಮವನ್ನು 2006ರಲ್ಲಿ 94 ಪರೀಕ್ಷೆಗಳ ಮೇಲೆ ಒಟ್ಟಾಗಿ ನೋಡಿದಾಗಲೂ ಪರಿಣಾಮ ಗಟ್ಟಿಯಾಗಿಯೇ ಇತ್ತು.

ಬರೆಯುವ ಬಗೆ:

1. ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಕಾಲ ತೋರಿಸಿದಂತೆ, ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ "ನಿಮ್ಮಿಂದಾದಷ್ಟು ಮಾಡಿ" ಎಂಬುದಕ್ಕಿಂತ ಹೆಚ್ಚು ಕೆಲಸ ಮಾಡಿಸುತ್ತದೆ. ಆದರೆ ಕೆಲಸ ಹೊಸದೂ ಜಟಿಲವೂ ಆಗಿದ್ದರೆ ಫಲದ ಗುರಿ ಬೇಡ, ಕಲಿಕೆಯ ಗುರಿ ಇಡಿ. "ತಿಂಗಳಿಗೆ ಹತ್ತು ಗ್ರಾಹಕರು" ಎಂಬುದರ ಬದಲು "ಗ್ರಾಹಕರು ಬೇಡವೆನ್ನಲು ಇರುವ ನಾಲ್ಕು ಕಾರಣ ಹುಡುಕುವುದು".

2. ಅಡ್ಡ ಬರುವ ಒಂದು ಸಂಗತಿಯನ್ನು ಬರೆಯಿರಿ, ಹಂತ 1ರ ಮೂರನೆಯ ಕಾಲಮ್‌ನಿಂದ ಎತ್ತಿಕೊಂಡು. ಗೇಬ್ರಿಯೆಲೆ ಒಟಿಂಗೆನ್ ಅವರ ಸಂಶೋಧನೆ ಹೇಳುವಂತೆ, ಗೆಲುವಿನ ಸವಿಗನಸು ಒಂದೇ ಕಂಡರೆ ಪ್ರಯತ್ನ ಕುಗ್ಗುತ್ತದೆ. ಕನಸಿನ ಪಕ್ಕದಲ್ಲೇ ಅಡ್ಡಿಯನ್ನೂ ಇಟ್ಟು ನೋಡಬೇಕು.

3. ಎರಡನ್ನೂ ಸೇರಿಸಿ: "ಊಟ ಮುಗಿದು ತಟ್ಟೆ ತೊಳೆದ ಕೂಡಲೇ ಮೇಜಿನ ಮುಂದೆ ಕೂತು ಮೊದಲ ಲೆಕ್ಕ ತೆಗೆಯುತ್ತೇನೆ. ಫೋನ್ ನೋಡಬೇಕೆನಿಸಿದರೆ ಅದನ್ನು ಪಕ್ಕದ ಕೋಣೆಯಲ್ಲಿಟ್ಟು ಬರುತ್ತೇನೆ."

ಸಾಮಾನ್ಯವಾಗಿ ಎಡವುವುದು ಸೂಚನೆಯ ಭಾಗದಲ್ಲಿ, ಅಂದರೆ ಕೆಲಸ ಶುರು ಮಾಡುವ ಹೊತ್ತು ಬಂತೆಂದು ತಿಳಿಸುವ ಸಂಗತಿಯಲ್ಲಿ. "ಬಿಡುವಾದಾಗ", "ಸಂಜೆ" ಎಂಬುದು ಸೂಚನೆಯಲ್ಲ, ಅದು ಬಂತೋ ಇಲ್ಲವೋ ಎಂದು ಹೇಳಲಾಗದು. ತಟ್ಟೆ ತೊಳೆದದ್ದು, ಬಾಗಿಲು ಹಾಕಿದ್ದು, ಬಸ್ಸಿಳಿದದ್ದು ಸೂಚನೆಗಳು. ಇನ್ನೊಂದು ತಪ್ಪು, ಒಂದೇ ವಾರದಲ್ಲಿ ಇಂಥ ಹತ್ತು ವಾಕ್ಯ ಬರೆಯುವುದು. ಒಂದು, ಹೆಚ್ಚೆಂದರೆ ಎರಡು.

ನಿಮ್ಮ ಮೇಲೆ ನಿಮಗೇ ನಂಬಿಕೆ ಸಾಲದಿದ್ದರೆ ಕೈಗಳನ್ನು ಮೊದಲೇ ಕಟ್ಟಿಹಾಕಿಕೊಳ್ಳಬಹುದು. ಫಿಲಿಪ್ಪೀನ್ಸ್‌ನಲ್ಲಿ ಸಿಗರೇಟು ಬಿಡಲು ಬಯಸಿದವರಿಗೆ ಒಂದು ಬ್ಯಾಂಕ್ ಖಾತೆಯ ಅವಕಾಶ ಕೊಟ್ಟರು: ಆರು ತಿಂಗಳು ಹಣ ಇಡಿ, ಕೊನೆಗೆ ಮೂತ್ರಪರೀಕ್ಷೆಯಲ್ಲಿ ನಿಕೋಟಿನ್ ಸಿಕ್ಕರೆ ಹಣ ಹೋಯಿತು. ಒಪ್ಪಿದವರು 11% ಮಾತ್ರ. ಆದರೂ ಅವಕಾಶ ಸಿಕ್ಕವರಲ್ಲಿ ಪರೀಕ್ಷೆ ಪಾಸಾದವರ ಪ್ರಮಾಣ ಸಿಗದವರಿಗಿಂತ ಸುಮಾರು 3 ಶೇಕಡಾಂಶ ಹೆಚ್ಚಿತ್ತು. ಇದರಿಂದ ಎರಡು ಪಾಠ: ಬಿಗಿ ಒಪ್ಪಂದ ಕೆಲಸ ಮಾಡುತ್ತದೆ, ಆದರೆ ಅದನ್ನು ಮನಸಾರೆ ಒಪ್ಪುವವರು ಕಡಿಮೆ. ಬೇರೆಯವರ ಮೇಲೆ ಹೇರಬೇಡಿ. ನಿಮಗಾಗಿ ಮಾಡಿಕೊಳ್ಳುವುದಾದರೆ ತೀರ್ಪು ಕೊಡುವವರು ನೀವಾಗಿರಬಾರದು.

ನಾಲ್ಕು ಜನರ ಮುಂದೆ ಗುರಿ ಘೋಷಿಸುವುದು ಒಳ್ಳೆಯದೇ ಎಂಬ ಪ್ರಶ್ನೆ ಇದೆ. "ನಾನು ಬರಹಗಾರನಾಗುತ್ತೇನೆ" ಎಂಬಂಥ ಘೋಷಣೆಗೆ ಸಿಗುವ ಮೆಚ್ಚುಗೆಯೇ ಅರ್ಧ ತೃಪ್ತಿ ಕೊಟ್ಟು ಕೆಲಸವನ್ನು ನಿಧಾನಗೊಳಿಸಬಹುದು ಎಂದು ಗೋಲ್‌ವಿಟ್ಜರ್ ಅವರ 2009ರ ಪ್ರಯೋಗಗಳು ತೋರಿಸಿದವು. ಹಾಗಾಗಿ ಆಗಲಿರುವುದನ್ನು ಹೇಳಿಕೊಳ್ಳಬೇಡಿ, ಒಪ್ಪಿಸಲಿರುವುದನ್ನು ಹೇಳಿ: "ಶುಕ್ರವಾರ ಸಂಜೆಯೊಳಗೆ ಮೂರು ಪುಟ ನಿಮಗೆ ಕಳಿಸ್ತೀನಿ."

ಹಂತ 6: ಮೊದಲ ಹತ್ತು ವಾರ

21 ದಿನದಲ್ಲಿ ಅಭ್ಯಾಸ ಬೇರೂರುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಹಿಂಬಾಲಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಾಂಕ 66 ದಿನ, ಆ 12 ವಾರಗಳ ದಾಖಲೆಯಿಂದ ಮುಂದಕ್ಕೆ ಲೆಕ್ಕಹಾಕಿದ ಅಂದಾಜಿನ ಹರವು 18ರಿಂದ 254 ದಿನ. ನೀರು ಕುಡಿಯುವಂಥದ್ದು ಬೇಗ, ವ್ಯಾಯಾಮದಂಥದ್ದು ತಡ. 22ನೇ ದಿನ ಇನ್ನೂ ಒದ್ದಾಟವಿದ್ದರೆ ನಿಮ್ಮಲ್ಲಿ ಕೊರತೆ ಇದೆ ಎಂದಲ್ಲ, ಅಭ್ಯಾಸಗಳೇ ಹಾಗೆ.

ಅದೇ ಅಧ್ಯಯನದ ಇನ್ನೊಂದು ಮಾತು ಇನ್ನೂ ಉಪಯುಕ್ತ: ಒಂದು ದಿನ ತಪ್ಪಿದರೆ ಅಭ್ಯಾಸ ಕಟ್ಟಿಕೊಳ್ಳುವುದಕ್ಕೆ ಗಣನೀಯ ಧಕ್ಕೆ ಇಲ್ಲ. ಧಕ್ಕೆ ತರುವುದು ತಪ್ಪಿದ ಮೇಲೆ ಬರುವ ಯೋಚನೆ, "ಹೇಗೂ ಹೋಯಿತು, ಇನ್ನು ಮುಂದಿನ ತಿಂಗಳಿಂದ ನೋಡೋಣ". ಆದ್ದರಿಂದ ಶುರುವಿನಲ್ಲೇ ತಪ್ಪಿದ ದಿನದ ನಿಯಮ ಬರೆದಿಡಿ: ಮರುದಿನ ಪೂರ್ತಿ ಬೇಡ, ಐದು ನಿಮಿಷದ ಚಿಕ್ಕ ರೂಪ ಮಾಡುತ್ತೇನೆ. ವಾರದಲ್ಲಿ ಒಂದು ಮಾಫಿ ದಿನವನ್ನೂ ಮೊದಲೇ ಇಟ್ಟುಕೊಳ್ಳಿ. ವಾರದಲ್ಲಿ ಎರಡಕ್ಕಿಂತ ಹೆಚ್ಚು ಸಲ ತಪ್ಪುತ್ತಿದ್ದರೆ ಸಂಕಲ್ಪ ಬಿಗಿ ಮಾಡಬೇಡಿ, ಕೆಲಸವನ್ನು ಅರ್ಧಕ್ಕೆ ಇಳಿಸಿ ಅಥವಾ ಸೂಚನೆ ಬದಲಿಸಿ.

ಬೇರೆಯವರ ಜೊತೆ ಮಾತಾಡುವಾಗ

ಬುದ್ಧಿ ಹೇಳಿದಷ್ಟೂ ಎದುರಿನವರು ತಮ್ಮ ಹಳೆಯ ನಿಲುವನ್ನೇ ಸಮರ್ಥಿಸಿಕೊಳ್ಳುತ್ತಾರೆ, ಸಮರ್ಥಿಸುತ್ತ ಹೋದಂತೆ ಅದನ್ನೇ ಗಟ್ಟಿಯಾಗಿ ನಂಬುತ್ತಾರೆ. ವಿಲಿಯಂ ಮಿಲ್ಲರ್ 1983ರಲ್ಲಿ ಮದ್ಯವ್ಯಸನಿಗಳ ಚಿಕಿತ್ಸೆಯಲ್ಲಿ ಇದನ್ನು ಗುರುತಿಸಿ, ಬದಲಾವಣೆಯ ಪರವಾದ ಮಾತು ಅವರ ಬಾಯಿಂದಲೇ ಬರುವಂಥ ಸಂವಾದದ ಕ್ರಮವೊಂದನ್ನು ಮುಂದಿಟ್ಟರು. ಅದರ ತಿರುಳಾದ ಒಂದು ತಂತ್ರವನ್ನು ಯಾರು ಬೇಕಾದರೂ ಬಳಸಬಹುದು.

"ಈ ಕೋರ್ಸ್ ಮುಗಿಸೋದು ನಿನಗೆ ಎಷ್ಟು ಮುಖ್ಯ, ಹತ್ತಕ್ಕೆ ಎಷ್ಟು?" ಎಂದು ಅಣ್ಣ ತಮ್ಮನನ್ನು ಕೇಳುತ್ತಾನೆ. "ನಾಲ್ಕು" ಎಂದು ಉತ್ತರ. ಇಲ್ಲಿ ಬಹುತೇಕರು ಕೇಳುವುದು "ಯಾಕೋ ನಾಲ್ಕೇ?" ಎಂದು. ಅದರಿಂದ ಆಸಕ್ತಿ ಇಲ್ಲದಿರುವುದರ ಕಾರಣಗಳ ಪಟ್ಟಿ ಹೊರಬರುತ್ತದೆ. ಕೇಳಬೇಕಾದದ್ದು: "ನಾಲ್ಕಾದರೂ ಇದೆಯಲ್ಲ, ಒಂದು ಯಾಕಿಲ್ಲ?" ಈಗ ತಮ್ಮ ಯೋಚಿಸಿ ಮುಖ್ಯವಾದ ಕಾರಣವನ್ನು ತಾನೇ ಹೇಳುತ್ತಾನೆ. ಆಮೇಲೆ "ಐದಕ್ಕೆ ಬರಬೇಕಾದ್ರೆ ಏನಾಗ್ಬೇಕು?" ಎಂದಷ್ಟೇ ಕೇಳಿ ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟ. ಹತ್ತು ಸೆಕೆಂಡ್ ಮೌನ ತಡೆದುಕೊಂಡರೆ ಉತ್ತರ ಬರುತ್ತದೆ, ನಡುವೆ ನಾವೇ ಉತ್ತರ ಹೇಳಿಕೊಟ್ಟರೆ ಕೆಲಸ ಕೆಟ್ಟಂತೆ.

ಗುಂಪಿಗೂ ಇದೇ ತತ್ವ. ಎರಡನೇ ಮಹಾಯುದ್ಧದ ಕಾಲದಲ್ಲಿ ಕರ್ಟ್ ಲೆವಿನ್ ಅಮೆರಿಕದ ಗೃಹಿಣಿಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹಿಂದೆ ಬಳಸದಿದ್ದ ಮಾಂಸದ ಭಾಗಗಳನ್ನು ಅಡುಗೆಗೆ ಬಳಸಿ ಎಂಬ ಉಪನ್ಯಾಸ ಕೇಳಿದವರಲ್ಲಿ ಹಾಗೆ ಮಾಡಿದವರು 3%. ಅದೇ ವಿಷಯವನ್ನು ಕೂತು ಚರ್ಚಿಸಿ, ಕೊನೆಗೆ ಕೈಯೆತ್ತಿ ನಿರ್ಧಾರ ತಿಳಿಸಿದವರಲ್ಲಿ 32%. ಸಭೆಯ ಕೊನೆಯಲ್ಲಿ "ಎಲ್ಲರಿಗೂ ಅರ್ಥವಾಯಿತಲ್ಲ?" ಎಂದು ಕೇಳಿ ಮುಗಿಸುವ ಬದಲು, ಪ್ರತಿಯೊಬ್ಬರೂ ತಾವು ಏನು, ಯಾವಾಗ ಮಾಡುತ್ತೇವೆಂದು ತಮ್ಮ ಮಾತಿನಲ್ಲೇ ಹೇಳಲಿ.

ಟೀಮ್ ನಡೆಸುವವರಿಗೆ ಇನ್ನೊಂದು ಮಾತು. ವಿಶ್ವವಿದ್ಯಾಲಯವೊಂದಕ್ಕೆ ದೇಣಿಗೆ ಕೇಳುವ ಕಾಲ್ ಸೆಂಟರ್‌ನಲ್ಲಿ, ಆ ದೇಣಿಗೆಯಿಂದ ಓದಿದ ಒಬ್ಬ ವಿದ್ಯಾರ್ಥಿಯನ್ನು ನೌಕರರು ಕೆಲವು ನಿಮಿಷ ಭೇಟಿಯಾದರು. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆದ ಸಮಯವೂ ತಂದ ಹಣವೂ ಎರಡು ಪಟ್ಟು ಮೀರಿತ್ತು ಎಂದು ಆ್ಯಡಮ್ ಗ್ರ್ಯಾಂಟ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದರು. ಮ್ಯಾನೇಜರ್ ಬಾಯಲ್ಲಿ ಕೆಲಸದ ಮಹತ್ವ ಕೇಳುವುದೂ ಫಲಾನುಭವಿಯ ಮುಖ ನೋಡುವುದೂ ಒಂದೇ ಅಲ್ಲ. ನಿಮ್ಮವರ ಕೆಲಸ ಯಾರಿಗೆ ತಲುಪುತ್ತದೆಯೋ ಅವರನ್ನು ಮೂರು ತಿಂಗಳಿಗೊಮ್ಮೆಯಾದರೂ ಎದುರು ಕೂರಿಸಿ.

ಹಂತ 7: ಬಿಡುವ ಷರತ್ತನ್ನೂ ಮೊದಲೇ ಬರೆದಿಡಿ

ಬದ್ಧತೆಗೆ ಒಂದು ರೋಗವಿದೆ, ಅದು ಗುಣದ ವೇಷದಲ್ಲೇ ಬರುತ್ತದೆ. 1976ರಲ್ಲಿ ಬ್ಯಾರಿ ಸ್ಟಾ ನಡೆಸಿದ ಪ್ರಯೋಗದಲ್ಲಿ, ಕಂಪನಿಯ ಯಾವ ವಿಭಾಗಕ್ಕೆ ಹಣ ಕೊಡಬೇಕೆಂದು ತಾವೇ ನಿರ್ಧರಿಸಿ ಆ ವಿಭಾಗ ನಷ್ಟಕ್ಕೆ ಬಿದ್ದಾಗ, ಜನ ಅದಕ್ಕೇ ಇನ್ನೂ ಹೆಚ್ಚು ಹಣ ಸುರಿದರು. ನಿರ್ಧಾರ ಬೇರೆಯವರದ್ದಾಗಿದ್ದಾಗ ಅಷ್ಟು ಸುರಿಯಲಿಲ್ಲ. ತಪ್ಪು ನಮ್ಮದು ಎಂದು ತೋರದಿರಲಿ ಎಂಬ ಹಟ ನಿಷ್ಠೆಯಂತೆ ಕಾಣುತ್ತಿರುತ್ತದೆ.

ಇದಕ್ಕೆ ಉಪಾಯ ಶುರುವಿನಲ್ಲೇ ಇದೆ, ನಡುವೆ ಅಲ್ಲ. ಕೆಲಸ ಕೈಗೆತ್ತಿಕೊಳ್ಳುವ ದಿನ ತಲೆ ತಣ್ಣಗಿರುವಾಗ ಬರೆಯಿರಿ: ಇಂಥ ದಿನಾಂಕಕ್ಕೆ ಇಂಥ ಫಲ ಕಾಣದಿದ್ದರೆ ನಿಲ್ಲಿಸುತ್ತೇನೆ, ಅಥವಾ ಇಷ್ಟು ಹಣ, ಇಷ್ಟು ತಿಂಗಳು ಮೀರಿದರೆ ಮರುಯೋಚನೆ ಮಾಡುತ್ತೇನೆ. ಆ ಚೀಟಿಯನ್ನು ಲಾಭ-ನಷ್ಟದಲ್ಲಿ ಪಾಲಿಲ್ಲದ ಒಬ್ಬರ ಕೈಗೆ ಕೊಡಿ. ದಿನಾಂಕ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈವರೆಗೆ ಏನೂ ಹಾಕಿರದಿದ್ದರೆ, ಇಂದು ತಿಳಿದಿರುವುದನ್ನೆಲ್ಲ ತಿಳಿದುಕೊಂಡು, ಇದನ್ನು ಶುರು ಮಾಡುತ್ತಿದ್ದೆನೇ? ಮಕ್ಕಳ ಹೊಣೆ, ವೃದ್ಧರ ಆರೈಕೆಯಂಥ ಕರ್ತವ್ಯಗಳಿಗೆ ಈ ಪ್ರಶ್ನೆ ಅನ್ವಯಿಸುವುದಿಲ್ಲ. ಯೋಜನೆ, ವ್ಯಾಪಾರ, ಕೋರ್ಸ್, ಸಂಘದ ಹುದ್ದೆಗಳಿಗೆ ಅನ್ವಯಿಸುತ್ತದೆ.

ಬಿಡುವುದೆಂದು ತೀರ್ಮಾನವಾದರೆ ನಿಮ್ಮನ್ನು ನಂಬಿಕೊಂಡವರಿಗೆ ಮೊದಲು ಹೇಳಿ, ನಿಧಾನಕ್ಕೆ ಮರೆಯಾಗಬೇಡಿ. ಹೇಳುವಾಗ ಮೂರು ಸಂಗತಿ ಇರಲಿ: ಯಾವ ದಿನದಿಂದ ನಾನಿರುವುದಿಲ್ಲ, ಅಲ್ಲಿಯವರೆಗೆ ಯಾವುದನ್ನು ಮುಗಿಸಿಕೊಡುತ್ತೇನೆ, ಉಳಿದದ್ದು ಯಾವ ಸ್ಥಿತಿಯಲ್ಲಿ ಯಾರ ಕೈಗೆ ಹೋಗುತ್ತದೆ. ಕಾರಣವನ್ನು ಎರಡು ವಾಕ್ಯಕ್ಕಿಂತ ಉದ್ದ ಮಾಡಬೇಡಿ. ಉದ್ದವಾದಷ್ಟೂ ಅದು ವಾದಕ್ಕೆ ಎಡೆಮಾಡಿಕೊಡುತ್ತದೆ, ಎದುರಿನವರಿಗೆ ಆ ಹೊತ್ತಿಗೆ ಬೇಕಿರುವುದು ಹಸ್ತಾಂತರದ ವಿವರ.